ಮೂರು ಸಲ ಬೇಡ, ಒಂದು ಸಲ ಬೇಕು

ಹ್ಯಾರ್ಲನ್ ಒಂದೇ ಸಲ ಕೇಳಿದ. ಆರ್ಡಿಸಳ ಸಿಟ್ಟಿಗೆಲ್ಲ ಬುಡ ಅದೇ. ಕೇಳದೇ ಇದ್ದಿದ್ದರೆ ಮರೆತ ಅಂದುಕೊಳ್ಳಬಹುದಿತ್ತು. ಮೂರು ಸಲ ಕೇಳಿದ್ದರೆ ಮರ್ಯಾದಸ್ಥ ಅನ್ನಬಹುದಿತ್ತು. ಒಂದು ಸಲ ಕೇಳಿ ಬಾಯಿ ಮುಚ್ಚಿಕೊಂಡರೆ ಅಮೆರಿಕದ ಉತ್ತರ ಮಿನೆಸೋಟಾದಲ್ಲಿ ಅದಕ್ಕಿರುವುದು ಒಂದೇ ಹೆಸರು, ಕಾಟಾಚಾರ.

ಆ ಸೀಮೆಯ ನಾರ್ವೆ ಮೂಲದ ಮಂದಿಗೆ ಈ ಉಪಚಾರದ ಲೆಕ್ಕ ಹಾಲುಹಲ್ಲು ಬೀಳುವ ಮೊದಲೇ ಬಂದಿರುತ್ತದೆ. ಕಾಫಿ ಕುಡೀತೀರಾ ಅಂದರೆ ಮೊದಲು ಅಯ್ಯೋ ಬೇಡಪ್ಪ ಅನ್ನಬೇಕು. ಮತ್ತೆ ಕೇಳಿದರೆ, ಸುಮ್ಮನೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ ಕೇಳಿದ ಮೇಲೆ, ಮಾಡಿದ್ದೇ ಇದ್ದರೆ ಒಂದು ಗುಟುಕು ಕೊಡಿ ಅಂತ ಹೇಳಿ ಎರಡು ಲೋಟ ಕುಡಿಯಬೇಕು. ಕೇಳಿದ ಕೂಡಲೇ ಬೇಕು ಅನ್ನುವವನು ಹೊಟ್ಟೆಬಾಕ, ಇಲ್ಲವೇ ದಕ್ಷಿಣದ ಕಡೆಯಿಂದ ಬಂದವನು. ಮೂರು ಸಲ ಕೇಳದವನಿಗೆ ಕೊಡುವ ಮನಸ್ಸಿಲ್ಲ. ಭಾನುವಾರ ಇಗರ್ಜಿಯ ನೆಲಮಾಳಿಗೆಯಲ್ಲಿ ಪೂಜೆ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಕೊನೇ ತುಂಡು ಕೇಕನ್ನು ನೋಡಬೇಕು. ಎಲ್ಲರ ಕಣ್ಣೂ ಅದರ ಮೇಲೆ, ಕೈ ಮಾತ್ರ ಒಬ್ಬರದೂ ಇಲ್ಲ. ಅಲ್ಲೇ ಒಣಗಿ ಕಸದಬುಟ್ಟಿ ಸೇರುತ್ತದೆ.

ಕೆರೆಯ ಅಂಚು ಆಗಷ್ಟೇ ಹೆಪ್ಪುಗಟ್ಟತೊಡಗಿದ್ದ ನವೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಮಿಲ್ಟನ್‌ನ ಗಾಳದ ಅಂಗಡಿಗೆ ಹೋಗಿದ್ದರು. ಬಾಗಿಲ ಬಳಿ ಜೀವಂತ ಮೀನುಮರಿಗಳ ತೊಟ್ಟಿ, ಒಳಗೆ ಗೋಡೆಯುದ್ದಕ್ಕೂ ಬೈರಿಗೆಗಳು. ಮಂಜುಗಡ್ಡೆಯಲ್ಲಿ ತೂತು ಕೊರೆಯದೆ ಚಳಿಗಾಲದಲ್ಲಿ ಮೀನಿಲ್ಲ, ಬೈರಿಗೆಯಿಲ್ಲದೆ ತೂತಿಲ್ಲ. ಆರ್ಡಿಸ್ ಅಲ್ಲಿ ಒಂದರ ಮುಂದೆ ನಿಂತುಬಿಟ್ಟಳು. ಬ್ಯಾಟರಿಯದು. ಹಗ್ಗ ಜಗ್ಗುವಂತಿಲ್ಲ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಸಾಕು, ತಿರುಪು ತಾನೇ ತಿರುಗುತ್ತದೆ. ಅವಳು ಹಿಡಿಯನ್ನು ಮುಟ್ಟಿ ನೋಡಿದಳು, ಕೈ ತೆಗೆದಳು, ಮತ್ತೆ ಮುಟ್ಟಿದಳು. ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ಹ್ಯಾರ್ಲನ್ನೂ ನೋಡಿದ.

"ನಿಂಗೆ ಬೇಕೇನೇ ಅದು?" ಅಂದ.

"ಯಾಕ್ ಬಿಡು. ನಂಗ್ಯಾಕೆ ಅದೆಲ್ಲ," ಅಂದಳು ಆರ್ಡಿಸ್, ಮೊದಲನೆಯ ಬೇಡವನ್ನು ಶಾಸ್ತ್ರಪ್ರಕಾರ ಒಪ್ಪಿಸುತ್ತ. ಒಪ್ಪಿಸಿ ಎರಡನೆಯದಕ್ಕೆ ಕಾದಳು.

ಹ್ಯಾರ್ಲನ್ ಆ ಕಡೆ ತಿರುಗಿ, ಅವಳಿಗೆ ಬೇಡವಂತೆ ಅಂತ ಮಿಲ್ಟನ್‌ಗೆ ಹೇಳಿದ. ಹೇಳಿ, ಹತ್ತು ಇಂಚಿನ ಪೆಟ್ರೋಲ್ ಬೈರಿಗೆಯೊಂದನ್ನು ಹೆಗಲಿಗೇರಿಸಿಕೊಂಡ. ಕೊರೆದರೆ ಮಂಡಿಯವರೆಗೆ ಕಾಲು ಇಳಿಯುವಷ್ಟು ದೊಡ್ಡ ತೂತು. ಆ ಕೆರೆಯಲ್ಲಿ ಅಷ್ಟು ದಪ್ಪದ ಮೀನನ್ನು ಯಾರೂ ಹಿಡಿದಿಲ್ಲ. ಆದರೂ ಗಂಡಸರು ಹತ್ತಿಂಚಿನದನ್ನೇ ಕೊಳ್ಳುತ್ತಾರೆ, ಯಾಕೆಂದರೆ ಪಕ್ಕದವನ ಬಳಿ ಎಂಟಿಂಚಿನದಿರುತ್ತದೆ.

ಆರ್ಡಿಸ್‌ಗೆ ಬೈರಿಗೆ ಯಾಕೆ ಬೇಕಿತ್ತು ಅಂತ ಊರಿಗೆಲ್ಲ ಗೊತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಅವಳು ಅಪ್ಪನ ಕೈಬೈರಿಗೆಯಲ್ಲೇ ತನ್ನ ತೂತನ್ನು ತಾನು ಕೊರೆದುಕೊಂಡವಳು. ಮುಂದೆ ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದೊಡ್ಡ ದೊಡ್ಡ ಕೊಪ್ಪರಿಗೆ ಎತ್ತಿ ಇಳಿಸಿ ಬಲಭುಜ ಸವೆದುಹೋಯಿತು. ಶಸ್ತ್ರಚಿಕಿತ್ಸೆಯಾದ ಮೇಲೆ ಡಾಕ್ಟರು ಎರಡು ಮಾತು ಹೇಳಿದ್ದರು, ಕೈಬೈರಿಗೆ ತಿರುಗಿಸುವಂತಿಲ್ಲ, ಹಗ್ಗ ಜಗ್ಗುವಂತಿಲ್ಲ. ಅಲ್ಲಿಗೆ ಅವಳ ಚಳಿಗಾಲ ಗಂಡನ ಕೈಗೆ ಹೋಯಿತು.

ಹೋದ ಚಳಿಗಾಲವಿಡೀ ಅವಳು ಒಲೆ ಪಕ್ಕದ ತೂತಿನ ಮುಂದೆ ಕೂತಿದ್ದಳು. ಕೆರೆಯ ಮೇಲೆ ಅವರದೊಂದು ಮರದ ಗುಡಿಸಲು, ಒಳಗೆ ಕಬ್ಬಿಣದ ಒಲೆ, ಒಲೆಯ ಮೇಲೆ ಕಾಫಿ ಪಾತ್ರೆ. ಅದರ ಮಗ್ಗುಲಲ್ಲೇ ನೆಲದ ಹಲಗೆ ತೆಗೆದು ಹ್ಯಾರ್ಲನ್ ಅವಳಿಗೊಂದು ತೂತು ಕೊರೆದುಕೊಟ್ಟಿದ್ದ. ಅವನೂ ಅವನ ತಮ್ಮ ಲೈಲೂ ಮಾತ್ರ ಹೊರಗೆ, ಕೆರೆಯ ತಳ ದಿಢೀರನೆ ಆಳಕ್ಕೆ ಇಳಿಯುವ ಜಾಗದಲ್ಲಿ. ವಾಲೈ ಮೀನು ಓಡಾಡುವುದೇ ಆ ಇಳಿಜಾರಿನಲ್ಲಿ. ಒಲೆ ಪಕ್ಕದಲ್ಲಿ ನೀರು ಸೊಂಟದಷ್ಟು. ಅಲ್ಲಿ ಬೆರಳುದ್ದದ ಮರಿಗಳು ಬಂದು ಗಾಳವನ್ನು ಮೂಸಿ ಹೋಗುತ್ತಿದ್ದವು. ಅಲ್ಲಿ ಮೀನು ಜೋರಂತೆ ಅಂತ ಅವಳು ಸೂಚ್ಯವಾಗಿ ಅಂದಾಗಲೆಲ್ಲ ಹ್ಯಾರ್ಲನ್‌ದು ಒಂದೇ ಮಾತು, ಮೀನು ಇಲ್ಲೂ ಬರ್ತವೆ. ಆ ಕೆರೆಯ ತಳ ಅವಳಿಗೆ ತನ್ನ ಅಡುಗೆಮನೆಯ ಗೂಡಿನಷ್ಟೇ ಪರಿಚಿತ. ಅವಳಿಗೆ ಬಂದು ಹೇಳುತ್ತಾನೆ, ಮೀನು ಇಲ್ಲೂ ಬರ್ತವೆ.

ಅಂಗಡಿಯಿಂದ ಮನೆಗೆ ಬರುವಾಗ ಕಾರಿನಲ್ಲಿ ಆರ್ಡಿಸ್ ಮಾತಾಡಲಿಲ್ಲ. ಹ್ಯಾರ್ಲನ್‌ಗೆ ಅದು ಗೊತ್ತಾಗದೆ ಇರಲಿಲ್ಲ. ಜಾಣಕಿವುಡು ಅನ್ನುವುದುಂಟಲ್ಲ, ಅವನದು ಜಾಣಗುರುಡೂ ಸೇರಿದ ಜಾತಿ. ರೇಡಿಯೋದಲ್ಲಿ ಬಂದ ಹವಾಮಾನವನ್ನೇ ಮತ್ತೆ ಅವಳಿಗೆ ಹೇಳಿಕೊಂಡು ಬಂದ.

ಅವಳನ್ನು ನಿಜವಾಗಿ ಉರಿಸಿದ್ದು ಅಂದಿನ ರಾತ್ರಿ ಊಟ. ಲೈಲ್ ಬಂದಿದ್ದ. ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಪಾತ್ರೆ ಮೇಜಿನ ನಡುವೆ ಇತ್ತು. ಇನ್ನೊಂಚೂರು ಹಾಕ್ಕೊಳ್ಳೋ ಅಂದ ಹ್ಯಾರ್ಲನ್ ತಮ್ಮನಿಗೆ. ಸಾಕು ಅಂದ ಲೈಲ್. ಒಂಚೂರೇ ಅಂದ ಅಣ್ಣ. ಹೊಟ್ಟೇಲಿ ಜಾಗ ಇಲ್ಲ ಅಂದ ತಮ್ಮ. ಉಳಿದ್ರೆ ನಾಯಿಗೇ ಹೋಗೋದು, ಹಾಕ್ಕೊ ಅಂದ ಹ್ಯಾರ್ಲನ್. ಹಾಗಾದ್ರೆ ಸರಿ ಅಂತ ಲೈಲ್ ತಟ್ಟೆ ಮುಂದೆ ನೂಕಿದ. ಒಂದು, ಎರಡು, ಮೂರು. ಎಣಿಕೆ ಮರೆತಿಲ್ಲ ಈ ಮನುಷ್ಯ, ಆರ್ಡಿಸ್ ಅಂದುಕೊಂಡಳು. ಬೇಯಿಸಿದ ಆಲೂಗಡ್ಡೆಗೆ ಮೂರು ಸಲ ಕೇಳುವ ಬಾಯಿ ನನಗೆ ಒಂದೇ ಸಲಕ್ಕೆ ಒಣಗಿತು. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು. ಅಂದು ಒಂದು ಬಸಿ ಒಡೆಯಿತು, ಬೇಕೆಂದೇ ಒಡೆದದ್ದಲ್ಲ, ಆದರೆ ಒಡೆದಾಗ ಬೇಸರವೂ ಆಗಲಿಲ್ಲ.

ನೀನಾದರೂ ಬಾಯಿಬಿಟ್ಟು ಬೇಕು ಅನ್ನಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಅವಳೂ ತನ್ನನ್ನು ತಾನೇ ಕೇಳಿಕೊಂಡಳು. ಆ ಊರಲ್ಲಿ ಬೇಕು ಅನ್ನುವುದು ಅಷ್ಟು ಸುಲಭದ ಮಾತಲ್ಲ. ಅವಳ ಅಮ್ಮ ಸಾಯುವಾಗಲೂ ನೀರು ಬೇಕಾ ಅಂದರೆ, ನಿಮಗ್ಯಾರಿಗಾದರೂ ಬೇಕಾದರೆ ನೋಡಿ ಅಂದವಳು. ಆ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅಂಗಡಿ ತುಂಬ ಜನರ ಎದುರು ಬೇಕು ಅನ್ನಲು ಹೇಗಾದೀತು? ಹ್ಯಾರ್ಲನ್‌ಗೆ ಇದೂ ಗೊತ್ತಿತ್ತು. ಗೊತ್ತಿದ್ದೇ ಅವನು ಅವಳ ಸಂಕೋಚದ ಹಿಂದೆ ಬಚ್ಚಿಟ್ಟುಕೊಂಡ ಅನ್ನುವ ಅನುಮಾನ ಅವಳ ಗಂಟಲಲ್ಲಿ ಮುಳ್ಳಾಗಿ ನಿಂತಿತು.

ಅನುಮಾನ ಬಗೆಹರಿಸಿದವನು ಲೈಲ್. ಡಿಸೆಂಬರಿನಲ್ಲಿ ಮಂಜುಗಡ್ಡೆ ಗಟ್ಟಿಯಾಗಿ, ಗುಡಿಸಲನ್ನು ಎಳೆದು ತಂದು ನಿಲ್ಲಿಸಿ, ಆರ್ಡಿಸ್ ಮತ್ತೆ ಅದೇ ಒಲೆ ಪಕ್ಕದಲ್ಲಿ ಕೂತಿದ್ದಳು. ಅಣ್ಣ ತಮ್ಮ ಇಬ್ಬರೂ ಚಳಿ ಕಾಯಿಸಿಕೊಳ್ಳಲು ಒಳಗೆ ಬಂದರು. ಲೈಲ್‌ನ ಬಕೆಟ್ಟಿನಲ್ಲಿ ನಾಲ್ಕೈದು ವಾಲೈ ಇದ್ದವು. ಅವಳ ಬಕೆಟ್ಟಿನಲ್ಲಿ ಬರೀ ನೀರು. ಮಿಲ್ಟನ್ ಅಂಗಡಿಯ ಬ್ಯಾಟರಿ ಬೈರಿಗೆ ಇನ್ನೂ ಹೋಗಿಲ್ಲವಂತೆ ಅಂತ ಅವಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಒಂದು ಮಾತು ಹಾಕಿ ನೋಡಿದಳು. ಹ್ಯಾರ್ಲನ್ ಲೋಟದೊಳಗೆ ಮುಖ ಹುದುಗಿಸಿದ. ಲೈಲ್ ನಕ್ಕ.

"ಅತ್ಗೇ, ನಿನ್ ಕೈಗೆ ಅದು ಸಿಕ್ಕಿದ್ರೆ ನೀನು ಈ ಒಲೆ ಮುಂದೆ ಕೂರ್ತಿದ್ಯಾ? ನಮ್ಗೆ ಕಾಫಿ ಕಾಯ್ಸೋರ್ಯಾರು? ಅದಕ್ಕೇ ನಮ್ಮಣ್ಣ ಎರಡನೇ ಸಲ ಕೇಳ್ಲಿಲ್ಲ."

ತಮಾಷೆಗೆ ಅಂದದ್ದು. ಆದರೆ ಹ್ಯಾರ್ಲನ್ ನಗಲಿಲ್ಲ, ಇಲ್ಲ ಕಣೋ ಅಂತಲೂ ಅನ್ನಲಿಲ್ಲ. ಕಿವಿ ಕೆಂಪಾಯಿತು. ಚಳಿಗೆ ಕೆಂಪಾದದ್ದಲ್ಲ, ಒಳಗೆ ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು.

ಆರ್ಡಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಕಾಫಿಗಾಗಿ! ಅವಳನ್ನು ಸೊಂಟದಷ್ಟು ನೀರಿನ ಮುಂದೆ ಕೂರಿಸಿದ್ದು ಭುಜದ ಮೇಲಿನ ಕನಿಕರದಿಂದಲ್ಲ, ಚಳಿಯಾದೀತು ಅನ್ನುವ ಕಾಳಜಿಯಿಂದಲೂ ಅಲ್ಲ. ಬೆಂಕಿ ಆರದಂತೆ ನೋಡಿಕೊಳ್ಳಲು ಆಳೊಂದು ಬೇಕಿತ್ತು. ಕಾಫಿ ಪಾತ್ರೆ ಎತ್ತಿ ಇಬ್ಬರ ತಲೆಯ ಮೇಲೂ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಅವರಿಬ್ಬರ ಲೋಟಕ್ಕೆ ಕಾಫಿ ಹಾಕಿದಳು, ಇನ್ನೂ ಬೇಕಾ ಅಂತ ಶಾಸ್ತ್ರಪ್ರಕಾರ ಮೂರು ಸಲ ಕೇಳಿ. ಅದು ಆ ಗುಡಿಸಲಿನಲ್ಲಿ ಅವಳು ಕಾಯಿಸಿದ ಕೊನೆಯ ಕಾಫಿ.

ಮರುದಿನ ಬೆಳಗ್ಗೆ ಅವಳು ಒಬ್ಬಳೇ ಕಾರು ತೆಗೆದುಕೊಂಡು ಅಂಗಡಿಗೆ ಹೋದಳು. ಮಿಲ್ಟನ್ ಅವಳ ಬೆನ್ನ ಹಿಂದೆ ನೋಡಿ, ಹ್ಯಾರ್ಲನ್ ಕಾರು ನಿಲ್ಲಿಸ್ತಿದ್ದಾನಾ ಅಂತ ಕೇಳಿದ. ಹ್ಯಾರ್ಲನ್ ಮನೆಯಲ್ಲಿದ್ದಾನೆ ಅಂದಳು. ಮೀನುಮರಿ ಬೇಕಿತ್ತಾ ಅಂದ. ಬೈರಿಗೆ ನೋಡಬೇಕು ಅಂದಳು. ಅವನಿಗೋ ಅಂದ. ನನಗೆ ಅಂದಳು, ಹಲ್ಲು ಕಚ್ಚಿಕೊಂಡು.

ಮಿಲ್ಟನ್ ಎಂಟಿಂಚಿನದನ್ನು ಇಳಿಸಿದ. ಶಕ್ತಿ ಜಾಸ್ತಿ, ಬ್ಯಾಟರಿ ದೊಡ್ಡದು, ಎಲ್ಲರೂ ಇದನ್ನೇ ಒಯ್ಯುತ್ತಾರೆ ಅಂತ ಶುರುಮಾಡಿದ. ಆರ್ಡಿಸ್ ಅದನ್ನು ನೆಲಕ್ಕೂರಿ, ತೂತಿನಿಂದ ಮೇಲೆತ್ತುವ ಹಾಗೆ ಎದೆಯ ಮಟ್ಟಕ್ಕೆ ಎತ್ತಿ ನೋಡಿದಳು. ಭುಜ ಚುಳ್ ಎಂದಿತು. ಕೊರೆಯುವುದರಲ್ಲಿ ನೋವಿಲ್ಲ, ಯಂತ್ರ ಕೊರೆಯುತ್ತದೆ. ನೋವಿರುವುದು ಒದ್ದೆ ಮಂಜಿನ ಪುಡಿಯ ಸಮೇತ ಅದನ್ನು ಮೇಲಕ್ಕೆ ಎಳೆಯುವುದರಲ್ಲಿ. ಇದು ಬೇಡ ಅಂದಳು. ಆರಿಂಚಿನದು ಇಳಿಸಿದ. ತಿರುಪು ಕಬ್ಬಿಣದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನದು, ಅರ್ಧದಷ್ಟು ಹಗುರ, ಕೈಜಾರಿ ನೀರಿಗೆ ಬಿದ್ದರೂ ತೇಲುತ್ತದೆ. ಮೇಲೆತ್ತಿದಳು. ಭುಜ ಸುಮ್ಮನಿತ್ತು. ಆರಿಂಚಿನ ತೂತಿನಲ್ಲಿ ಆ ಕೆರೆಯ ಯಾವ ವಾಲೈ ಬೇಕಾದರೂ ಮೇಲೆ ಬರುತ್ತದೆ.

ಅಲಗು ನೋಡಿದಳು. ನುಣುಪು ಅಲಗು ವೇಗವಾಗಿ ಕೊರೆಯುತ್ತದೆ, ಅದನ್ನೇ ಹಾಕಿಸಿಕೊ ಅಂದ ಮಿಲ್ಟನ್. ನುಣುಪು ಅಲಗು ಹೊಸ ಮಂಜುಗಡ್ಡೆಯಲ್ಲಿ ವೇಗ, ಆದರೆ ಕೊರೆದು ಬಿಟ್ಟು ಮತ್ತೆ ಹೆಪ್ಪುಗಟ್ಟಿದ ಹಳೇ ತೂತಿಗೆ ಹಾಕಿದರೆ ಕಚ್ಚಿಕೊಂಡು ಒದೆಯುತ್ತದೆ, ಮೈಯನ್ನೇ ತಿರುಚುತ್ತದೆ. ಹಲ್ಲಿರುವ ಅಲಗು ಕೊಡು ಅಂದಳು. ಬ್ಯಾಟರಿ ಕೋಟಿನ ಒಳಜೇಬಿಗೆ ಹಿಡಿಯುತ್ತದಾ ಅಂತ ಇಟ್ಟು ನೋಡಿದಳು, ಚಳಿಯಲ್ಲಿ ಹೊರಗಿಟ್ಟ ಬ್ಯಾಟರಿ ಕೆರೆಗೆ ಹೋಗುವಷ್ಟರಲ್ಲೇ ಸೋತಿರುತ್ತದೆ. ಹಿಡಿಯಿತು.

"ಹಂಗಾದ್ರೆ ಬೇಕಾ ಇದು?" ಅಂದ ಮಿಲ್ಟನ್.

ಹಳೇ ಅಭ್ಯಾಸ ಗಂಟಲವರೆಗೆ ಬಂತು, ಯಾಕ್ ಬಿಡು ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆರ್ಡಿಸ್ ಅದನ್ನು ನುಂಗಿದಳು.

"ಬೇಕು."

ಮಿಲ್ಟನ್ ಗಲಿಬಿಲಿಗೊಂಡ. ಎರಡನೆಯ ಸಲ ಕೇಳಲು ತೆರೆದಿದ್ದ ಬಾಯಿ ತೆರೆದೇ ಉಳಿಯಿತು. ಇಲ್ಲ, ನೋಡು, ಆತುರವೇನಿಲ್ಲ, ಮನೇಲಿ ಕೇಳಿಕೊಂಡು ಬಾ ಅಂತ ತಡವರಿಸಿದ. ಬೇಕು ಅಂದ್ನಲ್ಲ ಅಂದಳು ಮತ್ತೆ. ಎರಡನೆಯ ಬೇಕು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಶಾಲೆಯ ಅಡುಗೆಮನೆ ಕೊಟ್ಟ ಪಿಂಚಣಿಯಿಂದ ಕೊಂಡು, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಅವಳು ನೆಟ್ಟಗೆ ಕೆರೆಗೆ ಹೋದಳು.

ಆ ದಿನದ ಚಳಿಗೆ ಮೂಗಿನ ಕೂದಲೂ ಸೆಟೆದು ನಿಲ್ಲುತ್ತಿತ್ತು. ಗುಡಿಸಲನ್ನು ದಾಟಿ ವಾಲೈ ಓಡಾಡುವ ಆಳದ ಜಾಗಕ್ಕೆ ನಡೆದು, ಕೋಟಿನೊಳಗಿಂದ ಬೆಚ್ಚಗಿದ್ದ ಬ್ಯಾಟರಿ ತೆಗೆದು ಸಿಕ್ಕಿಸಿ, ಗುಂಡಿ ಒತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೈರಿಗೆ ಇಳಿಯಿತು. ಮಂಜಿನ ಪುಡಿ ಸುತ್ತ ಗುಡ್ಡೆಯಾಯಿತು, ನೀರು ಉಕ್ಕಿತು. ಭುಜ ಕೆಟ್ಟ ಮೇಲೆ ಮೊದಲ ಸಲ ತನ್ನ ತೂತನ್ನು ತಾನು ಕೊರೆದಿದ್ದಳು. ಅಳು ಬಂತು. ಸಿಟ್ಟಿನ ಅಳು ಅದು, ಇಷ್ಟು ಸಣ್ಣ ಕೆಲಸಕ್ಕೆ ಒಂದಿಡೀ ಚಳಿಗಾಲ ಮತ್ತೊಬ್ಬರ ಮುಖ ನೋಡಿಕೊಂಡು ಕೂತಿದ್ದೆನಲ್ಲ ಅಂತ. ಕೆನ್ನೆಯ ಮೇಲೆ ಅದು ಹೆಪ್ಪುಗಟ್ಟುವ ಮೊದಲೇ ಒರೆಸಿಕೊಂಡು ಗಾಳ ಇಳಿಬಿಟ್ಟಳು.

ಹ್ಯಾರ್ಲನ್ ಮತ್ತು ಲೈಲ್ ಬಂದಾಗ ಅವಳ ಬಕೆಟ್ಟಿನಲ್ಲಿ ಎರಡು ವಾಲೈ ಇದ್ದವು. ಇಬ್ಬರೂ ದೂರದಿಂದ ನೋಡಿದರು. ಮಂಜಿನ ಮೇಲೆ ತಮ್ಮ ಹತ್ತಿಂಚಿನದನ್ನು ಇಳಿಸಿದರು. ಲೈಲ್ ಹಗ್ಗ ಜಗ್ಗಿದ. ಅದು ಕೆಮ್ಮಿತು. ಮತ್ತೆ ಜಗ್ಗಿದ. ಆ ಚಳಿಗೆ ಪೆಟ್ರೋಲ್ ಇಂಜಿನ್ನಿಗೆ ಎದ್ದೇಳುವ ಮನಸ್ಸೇ ಇರಲಿಲ್ಲ. ಅಣ್ಣ ಬೈದ, ತಮ್ಮ ಒದ್ದ, ಇಬ್ಬರೂ ಸರದಿಯ ಮೇಲೆ ಜಗ್ಗಿದರು. ಕೊನೆಗೆ ಹಗ್ಗ ಕಿತ್ತು ಲೈಲ್‌ನ ಕೈಯಲ್ಲೇ ಉಳಿಯಿತು. ಗುಡಿಸಲಿನೊಳಗೆ ಒಲೆಯೂ ತಣ್ಣಗಿತ್ತು, ಯಾಕೆಂದರೆ ಹೊತ್ತಿಸುವವಳು ಹೊರಗಿದ್ದಳು.

ಹ್ಯಾರ್ಲನ್ ಕೈಗಳನ್ನು ಜೇಬಿಗಿಳಿಸಿ ಅವಳತ್ತ ಬಂದ. ಚಳಿ ಒಂಚೂರು ಇದೆ ಅಂದ. ಇದೆ ಅಂದಳು. ಗಾಳಿಯೂ ಇದೆ ಅಂದ. ಅದೂ ಇದೆ ಅಂದಳು. ಅವನು ಬೈರಿಗೆಯನ್ನು ನೋಡಿದ, ಆಮೇಲೆ ಆಕಾಶವನ್ನು ನೋಡಿದ, ಮತ್ತೆ ಬೈರಿಗೆಯನ್ನೇ ನೋಡಿದ. ಆರ್ಡಿಸ್‌ಗೆ ಮಿಲ್ಟನ್ ಅಂಗಡಿಯಲ್ಲಿ ತಾನು ನಿಂತ ರೀತಿ ನೆನಪಾಯಿತು.

"ಬೈರಿಗೆ ಬೇಕಾ?" ಅಂದಳು.

"ಛೆ ಛೆ, ಸುಮ್ನೆ ನಿಂಗ್ಯಾಕೆ ತೊಂದ್ರೆ," ಅಂದ ಹ್ಯಾರ್ಲನ್.

"ಸರಿ," ಅಂದಳು ಆರ್ಡಿಸ್, ಗಾಳದ ಕಡೆ ತಿರುಗಿದಳು.

ಹ್ಯಾರ್ಲನ್ ನಿಂತೇ ಇದ್ದ. ಎರಡನೆಯ ಸಲಕ್ಕೆ ಕಾಯುತ್ತಿದ್ದ. ಆ ಊರಲ್ಲಿ ಹುಟ್ಟಿ ಬೆಳೆದವನು ಕಾಯದೆ ಇನ್ನೇನು ಮಾಡಿಯಾನು? ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. ಮೀಸೆಯ ಮೇಲೆ ಉಸಿರು ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಆರ್ಡಿಸ್ ಇನ್ನೊಂದು ವಾಲೈಯನ್ನು ಮೇಲೆಳೆದು ಕೊಕ್ಕೆಯಿಂದ ಬಿಡಿಸಿ ಬಕೆಟ್ಟಿಗೆ ಹಾಕಿದಳು. ಅವನ ಕಡೆ ನೋಡಲಿಲ್ಲ. ಇನ್ನೊಂದು ಸಲ ಕೇಳಿಬಿಡು ಅಂತ ಅರವತ್ತೈದು ವರ್ಷದ ಅಭ್ಯಾಸ ಒಳಗಿನಿಂದ ತಿವಿಯುತ್ತಿತ್ತು. ಕೇಳಲಿಲ್ಲ. ಹ್ಯಾರ್ಲನ್ ತಮ್ಮನ ಬಳಿಗೆ ಹೋದ, ಕಿತ್ತ ಹಗ್ಗವನ್ನು ಸುಮ್ಮನೆ ಹಿಡಿದು ನೋಡಿದ, ಮತ್ತೆ ಬಂದ.

"ಆರ್ಡಿಸ್," ಅಂದ. "ನಂಗೆ ಬೇಕು."

"ಅವತ್ತು ನಂಗೂ ಬೇಕಿತ್ತು."

"ಗೊತ್ತಿತ್ತು," ಅಂದ ಹ್ಯಾರ್ಲನ್, ತನ್ನ ಬೂಟುಗಳನ್ನು ನೋಡುತ್ತ.

ಗೊತ್ತಿರಲಿಲ್ಲ ಅಂದಿದ್ದರೆ ಅವಳು ಬಹುಶಃ ಬೈರಿಗೆಯನ್ನು ಅವನ ಕೈಗೇ ಕೊಟ್ಟುಬಿಡುತ್ತಿದ್ದಳು. ಗೊತ್ತಿತ್ತಂತೆ. ಅವಳು ಎದ್ದು ಬೈರಿಗೆಯನ್ನು ತಾನೇ ಹೊತ್ತುಕೊಂಡು ನಡೆದಳು, ಲೈಲ್ ನಿಂತಿದ್ದ ಕಡೆಗಲ್ಲ, ಗುಡಿಸಲಿನ ಕಡೆಗೆ. ಹ್ಯಾರ್ಲನ್ ಹಿಂದೆ ಬಂದ. ಒಳಗೆ ಒಲೆ ಪಕ್ಕದ ತೂತು ರಾತ್ರಿಯ ಚಳಿಗೆ ಮತ್ತೆ ಹೆಪ್ಪುಗಟ್ಟಿತ್ತು. ಹಲ್ಲಿನ ಅಲಗು ಅದನ್ನು ಒಂದೇ ಉಸಿರಿಗೆ ಪುಡಿಮಾಡಿ ಕೆಳಗಿಳಿಯಿತು, ಒದೆಯಲಿಲ್ಲ, ತಿರುಚಲಿಲ್ಲ. ಸೊಂಟದಷ್ಟು ನೀರು ಹೊಳೆಯಿತು.

"ಮೀನು ಇಲ್ಲೂ ಬರ್ತವೆ," ಅಂದಳು ಆರ್ಡಿಸ್. "ಒಲೆ ಆರದ ಹಾಗೆ ನೋಡ್ಕೊ."

ಹ್ಯಾರ್ಲನ್ ತೂತನ್ನು ನೋಡಿದ, ತಣ್ಣಗಿದ್ದ ಒಲೆಯನ್ನು ನೋಡಿದ. ಅಲ್ಲಿದ್ದ ಮೋಟು ಕುರ್ಚಿಯ ಮೇಲೆ ಕೂತ. ಅವಳು ಬ್ಯಾಟರಿ ಕಳಚಿ ಕೋಟಿನೊಳಗೆ ಇಟ್ಟುಕೊಂಡು ಬಾಗಿಲು ದಾಟಿದಳು. ಸಿಟ್ಟು ಇಳಿದಿರಲಿಲ್ಲ. ಕೆರೆ ಕರಗುವುದು ಏಪ್ರಿಲ್‌ನಲ್ಲಿ, ಅಲ್ಲಿಯವರೆಗೆ ಸಿಟ್ಟಿಗೂ ಬೇಕಾದಷ್ಟು ಸಮಯವಿತ್ತು. ಬೆನ್ನ ಹಿಂದೆ ಹ್ಯಾರ್ಲನ್ ಕಡ್ಡಿ ಗೀರುವ ಸದ್ದು ಕೇಳಿಸಿತು. ಆಮೇಲೆ ಅವನ ದನಿ.

"ಕಾಫಿ ಕಾಯಿಸ್ತೀನಿ. ನಿಂಗೂ ಬೇಕಾ?"

"ಬೇಕು," ಅಂದಳು ಆರ್ಡಿಸ್, ತಿರುಗಿ ನೋಡದೆ. "ಅಲ್ಲಿಗೇ ತಂದ್ಕೊಡು."